ಕಂಪು ಮತ್ತು ಬಣ್ಣ

ಸರಕು ಒಳ್ಳೆಯದಾಗಿದ್ದರೆ ಅದನ್ನು ಹೊಗಳಬೇಕಾದ ಅಗತ್ಯವೇನು ಎಂದು ಕೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಮಲ್ಲಿಗೆ ಮಾರುವವಳು ಬೀದಿಯಲ್ಲಿ ಕೂಗುತ್ತ ಬರುವಳು. ಆದರೆ ಆಕೆಯ ಕೂಗು ಕೇಳುವುದಕ್ಕೆ ಮುಂಚೆಯೇ ಬುಟ್ಟಿಯ ಕಂಪು ಮನೆಯೊಳಕ್ಕೆ ಬಂದಿರುವುದು. ಕಂಪನ್ನು ಹಿಂಬಾಲಿಸಿ ಕೂಗು ಬಂದರೆ ಅದು ವ್ಯಾಪಾರ. ಕಂಪಿಲ್ಲದ ಕಡೆಯಲ್ಲಿ ಕೂಗು ಮಾತ್ರ ಬಂದರೆ ಅದಕ್ಕೆ ಬೇರೆ ಹೆಸರು. ಇವೆರಡರ ನಡುವಣ ಗೆರೆ ಎಲ್ಲಿರುವುದೆಂಬ ಪ್ರಶ್ನೆ ಬೆಂಗಳೂರಿನ ಪಡುವಣ ಭಾಗದ ಆರ್‌ಪಿಸಿ ಲೇಔಟಿನ ಒಂದು ಮನೆಯಲ್ಲಿ ಈಚೆಗೆ ಎದ್ದಿತು. ಪ್ರಶ್ನೆ ಹಳೆಯದು, ಅದು ಎದ್ದ ಸಂದರ್ಭ ಮಾತ್ರ ಹೊಸದು.

ಆರ್‌ಪಿಸಿ ಲೇಔಟಿಗೆ ಹಂಪಿನಗರವೆಂಬ ಇನ್ನೊಂದು ಹೆಸರುಂಟು. ವಿಜಯನಗರವೆಂಬ ಬಡಾವಣೆಯ ಮಗ್ಗುಲಲ್ಲಿ ಹಂಪಿಯೊಂದು ಇರುವುದು ಸಹಜವೇ ಸರಿ. ಅರಮನೆಗಳಾಗಲಿ ಗೋಪುರಗಳಾಗಲಿ ಇಲ್ಲಿಲ್ಲ. ನಿವೃತ್ತರು ಬೆಳಗ್ಗೆ ತಿರುಗಾಡುವ ಉದ್ಯಾನ, ಪರೀಕ್ಷೆಗೆ ಓದುವ ಹುಡುಗರು ಜಾಗ ಹಿಡಿಯಲು ಬೇಗನೆ ಬಂದು ಸೇರುವ ಗ್ರಂಥಾಲಯ, ಸಂಜೆಯಾದರೆ ದೋಸೆಯ ಹೊಗೆ—ಇಷ್ಟು ಇಲ್ಲಿನ ವೈಭವ. 2015ರಲ್ಲಿ ಮೆಟ್ರೋ ರೈಲು ಬಂದ ಮೇಲೆ ಅತ್ತಿಗುಪ್ಪೆಯ ನಿಲ್ದಾಣ ಹತ್ತಿರವಾಯಿತು. ನಗರದ ಆಚೆಯ ಅಂಚಿನ ಕಚೇರಿಗಳಿಗೆ ಹೋಗಿ ಬರುವ ಯುವಕ ಯುವತಿಯರು ಮನೆಮನೆಗೂ ಆದರು.

ಅಂತಹ ಯುವತಿಯೊಬ್ಬಳು ಈ ಮನೆಯ ಮೊಮ್ಮಗಳು, ವಯಸ್ಸು ಇಪ್ಪತ್ತಾರು. ಬಟ್ಟೆ, ಲೇಪನ, ಸುಗಂಧ, ಕೇಶತೈಲ ಮುಂತಾದವನ್ನು ಮಾರುವ ಕಂಪನಿಗಳಿಗೆ ಜಾಹೀರಾತುಗಳನ್ನು ರಚಿಸಿಕೊಡುವ ಒಂದು ಸಂಸ್ಥೆಯಲ್ಲಿ ಆಕೆಗೆ ಕೆಲಸ. ಇಂಗ್ಲಿಷಿನಲ್ಲಿ ಹುಟ್ಟಿದ ಮಾತು ಕನ್ನಡದಲ್ಲಿ ಕನ್ನಡದಂತೆಯೇ ಕೇಳಿಸಬೇಕು. ಅದು ಆಕೆಯ ಹೊಣೆ. ಮನೆಯ ಹಿರಿಯರಾದ ತಾತನವರಿಗೆ ಎಪ್ಪತ್ತೆಂಟು ವರ್ಷ. ಅವರು ಮೂವತ್ತೈದು ವರ್ಷಗಳ ಕಾಲ ರಾಜಾಜಿನಗರದ ಕೊನೆಯಲ್ಲಿರುವ ಸಾಬೂನು ಕಾರ್ಖಾನೆಯಲ್ಲಿ ದುಡಿದವರು. ಮೊದಲ ವರ್ಷಗಳಲ್ಲಿ ವೆಸ್ಟ್ ಆಫ್ ಕಾರ್ಡ್ ರಸ್ತೆಯುದ್ದಕ್ಕೂ ಸೈಕಲ್ ತುಳಿದು ಹೋಗಿಬರುತ್ತಿದ್ದರು. ಅವರು ಸಂಜೆ ಬಂದು ಕಳಚಿಟ್ಟ ಅಂಗಿಯಿಂದಲೇ ಇಡೀ ನಡುಮನೆಗೆ ಶ್ರೀಗಂಧ ತೇದಂತೆ ಆಗುತ್ತಿತ್ತೆಂದು ಮನೆಯವರು ಹೇಳುವುದುಂಟು. ಹೀಗೆ ಒಬ್ಬರು ಸಾಬೂನನ್ನು ಮಾಡಿದವರು. ಇನ್ನೊಬ್ಬಳು ಸಾಬೂನನ್ನು ಹೊಗಳುವವಳು. ಮಾಡುವವರಿಗೂ ಹೊಗಳುವವರಿಗೂ ಎಲ್ಲ ಕಾಲಗಳಲ್ಲಿಯೂ ಸ್ವಲ್ಪ ಜಗಳವಿರುವುದು ಲೋಕರೂಢಿ.

ಆ ಕಾರ್ಖಾನೆಯ ಕಥೆ ತಾತನವರಿಗೆ ಬಾಯಿಪಾಠ. 1914ರಲ್ಲಿ ಯೂರೋಪಿನಲ್ಲಿ ಮಹಾಯುದ್ಧವೆದ್ದಿತು. ಅದುವರೆಗೆ ಮೈಸೂರು ಸಂಸ್ಥಾನದ ಗಂಧದ ಕೊರಡು ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ದಾರಿ ಮುಚ್ಚಿತು, ಕೊರಡು ಇಲ್ಲಿಯೇ ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು ದೊರೆಗಳಾಗಿಯೂ ವಿಶ್ವೇಶ್ವರಯ್ಯನವರು ದಿವಾನರಾಗಿಯೂ ಇದ್ದ ಕಾಲವದು. ಬೆಂಗಳೂರಿನ ವಿಜ್ಞಾನಮಂದಿರದ ಸಡ್‌ಬರೊ, ವಾಟ್ಸನ್ ಎಂಬ ಆಚಾರ್ಯರು ಎಣ್ಣೆ ಇಳಿಸುವ ಕ್ರಮವನ್ನು ಸಾಧಿಸಿಕೊಟ್ಟರು. 1916ರಲ್ಲಿ ಸಂಸ್ಥಾನವೇ ಎಣ್ಣೆಯ ಕಾರ್ಖಾನೆಯನ್ನು ತೆರೆಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಜ್ಞರು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. ಶ್ರೀಗಂಧದ ಎಣ್ಣೆಯನ್ನು ಕೂಡಿದ ಮೈಸೂರು ಸ್ಯಾಂಡಲ್ ಸಾಬೂನು 1918ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದಿತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು. ಈಗ ಅಲ್ಲಿನ ಮೆಟ್ರೋ ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯೆಂದೇ ಹೆಸರು. ಊರಿನ ಹೆಸರನ್ನು ಸಾಬೂನಿಗೆ ಇಡುವುದುಂಟು. ಸಾಬೂನಿನ ಹೆಸರು ನಿಲ್ದಾಣಕ್ಕೆ ಸಂದುದು ಅಪೂರ್ವ. ಯಾವ ಜಾಹೀರಾತುಗಾರನೂ ಹಣ ತೆತ್ತು ಪಡೆಯಲಾರದ ಜಾಹೀರಾತಿದು ಎಂದು ತಾತನವರ ಹೆಮ್ಮೆ.

ಆದರೆ ಮೊಮ್ಮಗಳು ಅಷ್ಟಕ್ಕೆ ಬಿಡುವವಳಲ್ಲ. ಶಾಸ್ತ್ರಿಗಳು ಸಾಬೂನನ್ನು ಕಲಿತುಬಂದವರು ಮಾತ್ರವಲ್ಲ, ಅದನ್ನು ಮಾರುವ ಕಲೆಯನ್ನೂ ಬಲ್ಲವರಾಗಿದ್ದರೆಂಬುದು ಆಕೆಯ ವಾದ. ಆ ವಾದದಲ್ಲಿ ಹುರುಳುಂಟು. ಸಾಬೂನೆಂದರೆ ಇಟ್ಟಿಗೆಯಂತಹ ತುಂಡು ಎಂದು ಜನ ತಿಳಿದಿದ್ದಾಗ ಅದನ್ನು ಅಂಡಾಕಾರವಾಗಿ ಅಚ್ಚುಹಾಕಿಸಿದರು. ಒಡವೆಯ ಪೆಟ್ಟಿಗೆಯನ್ನು ಹೋಲುವ, ಹೂಬಳ್ಳಿಗಳ ಚಿತ್ರವುಳ್ಳ ಡಬ್ಬಿಯಲ್ಲಿ ಅದನ್ನು ಇರಿಸಿದರು. ಆನೆಯ ತಲೆ ಸಿಂಹದ ಒಡಲುಳ್ಳ ಪ್ರಾಣಿಯನ್ನು ಮುದ್ರೆಯಾಗಿ ಆರಿಸಿಕೊಂಡು ಶರಭವೆಂದು ಕರೆದರು. ಪುರಾಣದ ಶರಭಕ್ಕೆ ಎಂಟು ಕಾಲು, ಅದರ ಕಥೆಯೇ ಬೇರೆ. ಆದರೆ ಕೊಳ್ಳುವವರು ಪುರಾಣವನ್ನು ತೆರೆದು ನೋಡಲಿಲ್ಲ, ಜಾಣ್ಮೆಯೂ ಬಲವೂ ಒಂದೆಡೆ ಸೇರಿದ ಗುರುತನ್ನು ಕಂಡರು, ಒಪ್ಪಿದರು. ಟ್ರಾಮ್ ಗಾಡಿಯ ಚೀಟಿಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಸಾಬೂನಿನ ಹೆಸರು ಅಚ್ಚಾಯಿತು. ಕರಾಚಿಯಲ್ಲಿ ಅದನ್ನು ಸಾರುವುದಕ್ಕಾಗಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರೆಂದು ಕಾರ್ಖಾನೆಯ ಚರಿತ್ರೆಯನ್ನು ಹೇಳುವವರು ಈಗಲೂ ನೆನೆಯುವರು.

“ನೋಡಿ ತಾತ, ಒಂಟೆಯ ಮೇಲೆ ಸಾಬೂನಿನ ಹೆಸರು ಹೊರಿಸಿದವರು ನಿಮ್ಮ ಶಾಸ್ತ್ರಿಗಳು. ನಾನು ಗೋಡೆಯ ಮೇಲೆ ಬರೆಸುತ್ತೇನೆ, ಅಷ್ಟೇ ವ್ಯತ್ಯಾಸ” ಎಂದು ಆಕೆ ಹಾಸ್ಯ ಮಾಡುವಳು.

“ಒಂಟೆ ಸುಳ್ಳು ಹೇಳಲಿಲ್ಲ ಪುಟ್ಟೀ” ಎಂಬುದು ತಾತನವರ ಉತ್ತರ.

ಒಂಟೆ ಸುಳ್ಳು ಹೇಳಲಿಲ್ಲವೆಂಬುದು ನಿಜವೇ. ಆದರೆ ಸಾಬೂನಿನ ಜಾಹೀರಾತು ಹುಟ್ಟಿದಂದಿನಿಂದ ನಿಷ್ಕಪಟವಾಗಿತ್ತೆಂದು ಹೇಳಲಾಗದು. 1880ರ ದಶಕದಲ್ಲಿ ಇಂಗ್ಲೆಂಡಿನ ಪಿಯರ್ಸ್ ಸಾಬೂನಿನ ಚಿತ್ರವೊಂದರಲ್ಲಿ ಕಪ್ಪು ಮಗುವನ್ನು ತೊಟ್ಟಿಯಲ್ಲಿ ಕುಳ್ಳಿರಿಸಿ ತೊಳೆದಾಗ ಅದರ ಮೈ ಬಿಳಿದಾಗಿ ಹೊರಬರುವಂತೆ ಬರೆದಿದ್ದರು. ಅದೇ ಕಂಪನಿ ಮಿಲೇ ಎಂಬ ಪ್ರಸಿದ್ಧ ಚಿತ್ರಕಾರನು ಬರೆದ ಮುದ್ದು ಬಾಲಕನ ಚಿತ್ರವನ್ನೂ ಕೊಂಡು ಸಾಬೂನಿಗೆ ಬಳಸಿಕೊಂಡಿತು. ಒಂದೇ ಕೈ ಕಲೆಯನ್ನೂ ಅವಮಾನವನ್ನೂ ಹಂಚುತ್ತಿತ್ತು. ಮುಂದೆ ಭಾರತದಲ್ಲಿ ಸ್ವದೇಶಿಯ ಅಭಿಮಾನವೇ ಜಾಹೀರಾತಾಯಿತು. ರವೀಂದ್ರನಾಥ ಠಾಕೂರರಂತಹವರೂ ಗೋದ್ರೆಜ್ ಸಾಬೂನಿಗೆ ಮೆಚ್ಚುಮಾತನ್ನು ಕೊಟ್ಟರು. ಧಾರವಾಡದಲ್ಲಿ 1909ರಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಚಿತ್ರತಾರೆಯಾದರು. ಅಲ್ಲಿಂದ ಮುಂದೆ ಸಾಬೂನಿನ ಗುಣಕ್ಕಿಂತ ಅದನ್ನು ಹಿಡಿದ ಕೈಯ ಅಂದವೇ ಮುಖ್ಯವಾಯಿತು. ಮೈಸೂರಿನ ಸಾಬೂನು ಮಾತ್ರ ಬಹುಕಾಲ ತಾರೆಯರ ಹಂಗಿಲ್ಲದೆ ಬಾಳಿತು. 2006ರಲ್ಲಿ ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ ಅದರ ಮೊದಲ ರಾಯಭಾರಿಯಾದರು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಕಾಲಕ್ಕೆ 6.2 ಕೋಟಿ ರೂಪಾಯಿಗಳಿಗೆ ಗೊತ್ತುಮಾಡಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕನ್ನಡದ ನಟಿಯರಿರಲಿಲ್ಲವೇ ಎಂದು ಕೆಲವರು ಕೇಳಿದರು. ಕರ್ನಾಟಕದ ಹೊರಗಣ ಮಾರುಕಟ್ಟೆಯನ್ನು ಹಿಡಿಯುವುದು ಉದ್ದೇಶವೆಂದು ಸಚಿವರು ಸಮಾಧಾನ ಹೇಳಿದರು. ಬಣ್ಣದ ಮಾತೂ ಅಲ್ಲಲ್ಲಿ ಕೇಳಿಬಂದಿತು.

ಆರ್‌ಪಿಸಿ ಲೇಔಟಿನ ಮನೆಯಲ್ಲಿ ಎದ್ದುದು ಈ ಬಣ್ಣದ ಮಾತೇ. ಮೊಮ್ಮಗಳ ಸಂಸ್ಥೆಗೆ ಒಂದು ಮುಖಲೇಪನದ ಕೆಲಸ ಬಂದಿತ್ತು. ಬೇರೆ ಭಾಷೆಗಳಲ್ಲಿ ಜಾಹೀರಾತು ಸಿದ್ಧವಾಗಿತ್ತು. ಕನ್ನಡಕ್ಕೆ ನಾಲ್ಕು ಮಾತು ಬೇಕಾಗಿದ್ದಿತು. ಷರತ್ತು ಇಷ್ಟೇ: ಬಿಳುಪು ಎಂಬ ಮಾತು ಬರಕೂಡದು, ಆದರೆ ಓದಿದವರಿಗೆ ಅದೇ ಹೊಳೆಯಬೇಕು.

ಈ ಷರತ್ತಿಗೂ ಒಂದು ಚರಿತ್ರೆಯುಂಟು. 1975ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಲೇಪನ ಈ ದೇಶದ ಅಂಗಡಿಗಳಿಗೆ ಬಂದಿತು. ಕಪ್ಪು ಹುಡುಗಿಗೆ ಕೆಲಸ ಸಿಕ್ಕದು, ವರ ಒದಗನು. ಲೇಪನ ಹಚ್ಚಿದ ಮೇಲೆ ಎರಡೂ ಬಾಗಿಲಿಗೆ ಬರುವುವು—ಇಂತಹ ಕಥೆಗಳನ್ನು ದೂರದರ್ಶನದ ಪರದೆಯ ಮೇಲೆ ಒಂದು ತಲೆಮಾರಿನವರೆಲ್ಲ ನೋಡಿ ಬೆಳೆದರು. 2005ರಲ್ಲಿ ಗಂಡಸರಿಗಾಗಿಯೂ ಬೇರೊಂದು ಕಂಪನಿಯ ಲೇಪನ ಹೊರಟಿತು. ಆಕ್ಷೇಪಣೆಗಳು ಬೆಳೆದುವು. 1985ರಲ್ಲಿ ಜಾಹೀರಾತುಗಾರರೇ ಕಟ್ಟಿಕೊಂಡ ಮಾನದಂಡ ಮಂಡಳಿಯು 2014ರಲ್ಲಿ, ಕಪ್ಪು ಮೈಬಣ್ಣದವರನ್ನು ಕುರೂಪಿಗಳೆಂದಾಗಲಿ ದುಃಖಿಗಳೆಂದಾಗಲಿ ನೌಕರಿಯಲ್ಲೋ ಮದುವೆಯಲ್ಲೋ ಹಿಂದೆ ಬಿದ್ದವರೆಂದಾಗಲಿ ತೋರಿಸಬಾರದೆಂದು ನಿಯಮ ಮಾಡಿತು. 2020ರಲ್ಲಿ ಆ ಹಳೆಯ ಲೇಪನದ ಹೆಸರೇ ಬದಲಾಗಿ ಗ್ಲೋ ಅಂಡ್ ಲವ್ಲಿ ಎಂದಾಯಿತು. ತಪ್ಪುದಾರಿಗೆಳೆಯುವ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ಹಾಕುವ ಅಧಿಕಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಕೊಟ್ಟಿತು. ಅದರ ವಿವರವಾದ ಸೂತ್ರಗಳು 2022ರಲ್ಲಿ ಹೊರಬಂದುವು.

ಹೀಗೆ ಕಾಯಿದೆ ಮಾತನ್ನು ಹಿಡಿಯಿತು. ಅರ್ಥ ಕಿಟಕಿಯಿಂದ ಹೊರಕ್ಕೆ ಹಾರಿ ಬೇರೆ ಮಾತಿನೊಳಗೆ ಅಡಗಿತು. ಬಿಳುಪು ಹೋಗಿ ಕಾಂತಿ ಬಂದಿತು, ಹೊಳಪು ಬಂದಿತು. ಕನ್ನಡದಲ್ಲಿ ಇಂತಹ ಮಾತುಗಳಿಗೆ ಕೊರತೆಯಿಲ್ಲ. ಕಾಂತಿ, ತೇಜಸ್ಸು, ಮೆರುಗು, ಕಳೆ—ಒಂದೊಂದಕ್ಕೂ ಒಂದೊಂದು ಬೆಡಗು. ಕಳೆಯೆಂಬ ಮಾತಿಗಂತೂ ಮುಖದ ತೇಜಸ್ಸೆಂದೂ ಅರ್ಥ, ಹೊಲದಲ್ಲಿ ಕಿತ್ತುಹಾಕಬೇಕಾದ ಗಿಡವೆಂದೂ ಅರ್ಥ. ಈ ಮಾತುಗಳಲ್ಲಿ ಯಾವುದಕ್ಕೂ ಮೂಲದಲ್ಲಿ ಬಣ್ಣದ ಹಂಗಿಲ್ಲ. ಕೃಷ್ಣನು ಮೇಘಶ್ಯಾಮನು, ಕಾಂತಿಗೆ ಕೊರತೆಯಿಲ್ಲ. ದ್ರೌಪದಿಗೆ ಕೃಷ್ಣೆಯೆಂದೇ ಹೆಸರು, ಆಕೆಯ ತೇಜಸ್ಸಿನ ಮುಂದೆ ಕುರುಸಭೆ ತಲೆತಗ್ಗಿಸಿತು. ಕರ್ಣಾಟವೆಂಬುದು ಕರಿಯ ಮಣ್ಣಿನ ನಾಡೆಂಬ ಮಾತಿನಿಂದಲೇ ಬಂದಿತೆಂದು ಹೇಳುವ ಪಂಡಿತರೂ ಉಂಟು. ಇಂತಹ ನಾಡಿನ ನುಡಿಯಲ್ಲಿ ಕಾಂತಿಯೆಂದರೆ ಬಿಳುಪೆಂದು ಹೊಳೆಯುವಂತೆ ಮಾಡುವುದು ಹೇಗೆ? ಮೊಮ್ಮಗಳು ಎರಡು ರಾತ್ರಿ ಕಾಗದದ ಮುಂದೆ ಕುಳಿತಳು. ಮಾತು ಸಿಕ್ಕದೆ ಹೋಗಲಿಲ್ಲ. ಸಿಕ್ಕಿತೆಂಬುದೇ ಆಕೆಯ ಸಂಕಟವಾಗಿತ್ತು.

ಮೂರನೆಯ ದಿನ ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಆಕೆ ವಿಷಯವನ್ನು ತಾತನವರಿಗೆ ಹೇಳಿದಳು. ಅವರು ವೃತ್ತಿಯವರ ದೃಷ್ಟಿಯಿಂದ ಉತ್ತರ ಕೊಟ್ಟರು: ಸಾಬೂನಿನ ಕೆಲಸ ಕೊಳೆಯನ್ನೂ ಜಿಡ್ಡನ್ನೂ ನೀರಿನೊಡನೆ ಬಿಡಿಸಿ ಒಯ್ಯುವುದು, ಮೈಯ ಬಣ್ಣವು ಚರ್ಮದೊಳಗಣ ಮೆಲನಿನ್ ಎಂಬ ವಸ್ತುವಿನಿಂದ ಬಂದುದು, ಅದು ಕೊಳೆಯಲ್ಲ, ತೊಳೆದರೆ ಹೋಗುವುದೂ ಅಲ್ಲ. ಒಂದು ವಾರದಲ್ಲಿ ಬಣ್ಣ ತಿರುಗಿಸುವ ಲೇಪನಗಳಲ್ಲಿ ಕೆಲವು ಕಡೆ ಪಾದರಸವೂ ಸ್ಟಿರಾಯ್ಡ್ ಔಷಧವೂ ಇರುವುದುಂಟು. ಅವುಗಳಿಂದ ಚರ್ಮ ತೆಳುವಾಗಿ ಕೆಡುವುದೆಂದು ಚರ್ಮವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. “ಆದರೆ ನಿನ್ನ ಲೇಪನದಲ್ಲಿ ವಿಷವಿಲ್ಲ ಎನ್ನುತ್ತೀಯೆ. ಕಾಂತಿ ಎಂದು ಬರೆದುಬಿಡು. ಕಾಂತಿ ಎಂದರೆ ತಪ್ಪೇನಿದೆ?” ಎಂದು ಅವರು ಮುಗಿಸಿದರು.

ಮೊಮ್ಮಗಳು ಲೋಟವನ್ನು ಕೆಳಗಿಟ್ಟಳು. ಎಂಟನೆಯ ತರಗತಿಯಲ್ಲಿದ್ದಾಗ ಬಸ್ಸಿನ ಹಣವನ್ನು ಉಳಿಸಿ, ಶಾಲೆಯಿಂದ ನಡೆದುಬಂದು, ಅಂಗಡಿಯಲ್ಲಿ ಲೇಪನದ ಸಣ್ಣ ಪೊಟ್ಟಣಗಳನ್ನು ಕೊಳ್ಳುತ್ತಿದ್ದ ಸಂಗತಿಯನ್ನು ಹೇಳಿದಳು. ಒಂದು ವರ್ಷಕ್ಕೂ ಮಿಕ್ಕು ಅದು ನಡೆದಿತ್ತು. ಬಿಸಿಲಲ್ಲಿ ನಡೆದು ಬಂದುದರಿಂದ ಮುಖ ಇನ್ನಷ್ಟು ಕಪ್ಪಾಯಿತೆಂದು ಹೇಳಿ ನಕ್ಕಳು. ತಾತನವರು ನಗಲಿಲ್ಲ. ಅವರಿಗೆ ಈ ಸಂಗತಿ ತಿಳಿದೇ ಇರಲಿಲ್ಲ. ಮೊಮ್ಮಗಳ ಬೀರುವಿನಲ್ಲಿ ಆ ದಿನಗಳಲ್ಲಿ ಅವರೇ ತಂದಿಟ್ಟ ಗಂಧದ ಸಾಬೂನಿನ ಬರಿಯ ಡಬ್ಬಿಗಳು ಬಟ್ಟೆಯ ಮಡಿಕೆಗಳ ನಡುವೆ ಇದ್ದುವು. ಪೊಟ್ಟಣಗಳು ಆ ಡಬ್ಬಿಗಳ ಒಳಗೇ ಇರುತ್ತಿದ್ದುವಂತೆ.

“ಯಾರು ನಿನಗೆ ಹಾಗೆ ಹೇಳಿದ್ದು? ಟೀವಿಯವರೇ?” ಎಂದು ಅವರು ಕೇಳಿದರು.

“ಟೀವಿಯವರು ಆಮೇಲೆ ಬಂದರು ತಾತ. ನಾನು ಹುಟ್ಟಿದ ದಿನದ ಕಥೆಯನ್ನು ನೀವೇ ಪ್ರತಿ ವರ್ಷವೂ ಹೇಳುತ್ತೀರಲ್ಲ? ಆಸ್ಪತ್ರೆಯಿಂದ ಬಂದು ಅಕ್ಕಪಕ್ಕದವರಿಗೆ ಏನೆಂದಿರಿ? ‘ಬಣ್ಣ ಸ್ವಲ್ಪ ಕಡಮೆ, ಆದರೂ ಲಕ್ಷಣವಾಗಿದೆ ಮಗು.’”

ಅದು ಮನೆಯಲ್ಲಿ ಪ್ರೀತಿಯಿಂದ ಹೇಳಿಕೊಂಡು ಬಂದ ಕಥೆ. ಹೇಳಿದವರ ಮನಸ್ಸಿನಲ್ಲಿ ಲಕ್ಷಣವೆಂಬುದೇ ದೊಡ್ಡದಾಗಿತ್ತು. ಕೇಳಿದವಳ ಕಿವಿಯಲ್ಲಿ ಉಳಿದುದು ಆದರೂ ಎಂಬ ಮಾತು. ಕನ್ನಡದ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಆಡಿದವರಿಗೆ ಆಡಿದ್ದೇ ತಿಳಿಯದು. ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ, ಕಪ್ಪಾದರೂ ಕಳೆಯಾಗಿದ್ದಾನೆ. ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ ಎಂದು ಹೇಳುವವರು ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಗಾದೆ ಮಾಡಿದ ಜನರೇ ಹೀಗೆ ಆಡುವರು. ಕಡಲೆಹಿಟ್ಟಿಗೆ ಅರಿಸಿನ ಕಲಸಿ ಮಗುವಿಗೆ ಹಚ್ಚಿ ತೀಡುವ ಅಜ್ಜಿಯೂ ಬಣ್ಣ ತಿರುಗುವುದೆಂದೇ ತೀಡುವಳು. ಆ ತೀಡುವಿಕೆಯಲ್ಲಿ ಒಲುಮೆಯಿದೆ, ಆ ಒಲುಮೆಯಲ್ಲಿಯೇ ಆ ಆದರೂ ಅಡಗಿದೆ. ಜಾಹೀರಾತುಗಾರನು ಇದನ್ನು ಹುಟ್ಟಿಸಿದವನಲ್ಲ; ಮನೆಯಲ್ಲಿ ಬಿದ್ದಿದ್ದುದನ್ನು ಎತ್ತಿಕೊಂಡು ಹೋಗಿ, ಡಬ್ಬಿಯಲ್ಲಿ ತುಂಬಿ, ಬೆಲೆಯಿಟ್ಟು, ಅದೇ ಮನೆಗೆ ಮಾರಿದವನು. ಕಾಯಿದೆಗೆ ಗೋಡೆಯ ಮೇಲಣ ಮಾತನ್ನು ಅಳಿಸುವ ಶಕ್ತಿಯುಂಟು. ನಡುಮನೆಯ ಮಾತನ್ನು ಅಳಿಸುವ ಶಕ್ತಿಯಿಲ್ಲ. ಹಾಗೆಂದು ಜಾಹೀರಾತುಗಾರನು ನಿರಪರಾಧಿಯೆಂದೂ ಅಲ್ಲ. ಮನೆಯ ಆದರೂ ಒಂದು ಮಗುವಿನ ಕಿವಿಗೆ ಬೀಳುವುದು. ಆತನದು ಒಂದೇ ಸಂಜೆ ಕೋಟಿ ಕಿವಿಗಳಿಗೆ ಬೀಳುವುದು. ಅಜ್ಜಿಗೆ ಅದರಿಂದ ಲಾಭವಿಲ್ಲ. ಆತನಿಗೆ ಮಗುವಿನ ಚಿಂತೆ ಹೆಚ್ಚಿದಷ್ಟೂ ಲಾಭ.

ಆ ದಿನ ತಾತನವರು ಹೆಚ್ಚು ಮಾತಾಡಲಿಲ್ಲ. ಸಂಜೆ ಟ್ರಂಕಿನಿಂದ ತಮ್ಮ ಕಾಲದ ಒಂದು ಸಾಬೂನಿನ ಡಬ್ಬಿಯನ್ನು ತೆಗೆದು, ಕನ್ನಡಕ ಹಾಕಿಕೊಂಡು, ಅದರ ಮೇಲೆ ಅಚ್ಚಾಗಿದ್ದುದನ್ನೆಲ್ಲ ಓದಿ ನೋಡಿದರು. ಬಣ್ಣದ ಮಾತು ಅದರಲ್ಲಿರಲಿಲ್ಲ. ಅವರಿಗೆ ಸಮಾಧಾನವಾಗಬೇಕಾಗಿದ್ದಿತು, ಆಗಲಿಲ್ಲ. “ಡಬ್ಬಿಯಲ್ಲಿ ಇಲ್ಲದ್ದನ್ನು ನಾನು ಬಾಯಲ್ಲಿ ಹೇಳಿದೆ” ಎಂದು ಮಾತ್ರ ಅಂದರು.

ಮೊಮ್ಮಗಳು ಕೊನೆಗೆ ಬೇರೊಂದು ಮಾತನ್ನು ಬರೆದುಕೊಟ್ಟಳು. ಚಳಿಗಾಲದಲ್ಲಿ ಮುಖ ಒಡೆಯದಂತೆ ಲೇಪನ ಕಾಪಾಡುವುದೆಂದೂ ಕೈಗೆ ಅಂಟುವುದಿಲ್ಲವೆಂದೂ ಅದರಲ್ಲಿತ್ತು. ಎರಡೂ ನಿಜ. ಸಂಸ್ಥೆಯವರು ಒಪ್ಪಲಿಲ್ಲ, ನಿಜವೆಂಬುದು ಒಂದು ಗುಣವೇ ಹೊರತು ಮಾರಾಟದ ಕಾರಣವಲ್ಲವೆಂಬಂತೆ ಅವರ ಉತ್ತರವಿತ್ತು. ಆಕೆ ಆ ಕೆಲಸವನ್ನು ಬಿಟ್ಟುಕೊಟ್ಟಳು. ನೌಕರಿಯನ್ನು ಬಿಡಲಿಲ್ಲ, ಬಿಡುವಂತಹ ಸ್ಥಿತಿಯೂ ಮನೆಯದಾಗಿರಲಿಲ್ಲ. ಆ ವರ್ಷ ಆಕೆಯ ಸಂಬಳ ಏರಲಿಲ್ಲ. ಕೈಮಗ್ಗದ ಸೀರೆಗಳ ಒಂದು ಸಣ್ಣ ಅಂಗಡಿಯ ಕೆಲಸವನ್ನು ಆಕೆಗೆ ವಹಿಸಿದರು. ಅದಕ್ಕಾಗಿ ಆಕೆ ನೇಕಾರರ ಮನೆಗೆ ಹೋಗಿ, ಒಂದು ಸೀರೆಗೆ ಎಷ್ಟು ದಿನ ಹಿಡಿಯುವುದೆಂದು ಕೇಳಿ ತಿಳಿದು, ಅಷ್ಟನ್ನೇ ಬರೆದಳು. ಆ ಜಾಹೀರಾತನ್ನು ನೋಡಿದವರು ಕೆಲವರೇ. ಮುಖಲೇಪನಕ್ಕೆ ಬೇರೊಬ್ಬರು ಮಾತು ಕೊಟ್ಟರು. ಮೂರು ತಿಂಗಳ ತರುವಾಯ ಅದು ಮೆಟ್ರೋ ದಾರಿಯ ಪಕ್ಕದ ಫಲಕದ ಮೇಲೆ ಬಂದಿತು. ಅದರಲ್ಲಿ ಬಿಳುಪು ಇರಲಿಲ್ಲ. ಕಾಂತಿ ಇತ್ತು. ಪಕ್ಕದಲ್ಲಿದ್ದ ಹುಡುಗಿಯ ಮುಖ ಹಾಲಿನಂತಿತ್ತು.

ಹೀಗೆ ಕೂಗು ಗೆದ್ದಿತು ಎನ್ನಬೇಕು. ಒಬ್ಬಳು ಲೇಖನಿಯನ್ನು ಹಿಂದಕ್ಕೆ ಎಳೆದುಕೊಂಡ ಮಾತ್ರಕ್ಕೆ ಫಲಕಗಳು ಬರಿದಾಗುವುದಿಲ್ಲ. ಆದರೆ ಆ ಮನೆಯೊಳಗೆ ನಡೆದುದನ್ನೂ ಹೇಳದಿದ್ದರೆ ವೃತ್ತಾಂತ ಅರ್ಧವಾಗುವುದು.

ಕಾರ್ತೀಕದ ಒಂದು ಸಂಜೆ ತಾತನವರ ಹಳೆಯ ಸಹೋದ್ಯೋಗಿಯೊಬ್ಬರು ಪತ್ನೀಸಮೇತರಾಗಿ ಮನೆಗೆ ಬಂದರು. ಮೊಮ್ಮಗಳು ಕಚೇರಿಯಿಂದ ಬಂದು ನಮಸ್ಕಾರ ಮಾಡಿ ಒಳಕ್ಕೆ ಹೋದಳು. ಬಂದ ಗೃಹಿಣಿ ಆಕೆಯನ್ನು ಬಹಳ ವರ್ಷಗಳ ಮೇಲೆ ಕಂಡವರು, ಸಂತೋಷದಿಂದ, “ಎಷ್ಟು ದೊಡ್ಡವಳಾಗಿದ್ದಾಳೆ! ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ” ಎಂದರು. ಆ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ.

ತಾತನವರು ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಅವರ ಕಡೆಗೆ ಸರಿಸಿದರು.

“ಲಕ್ಷಣವಾಗಿದ್ದಾಳೆ ಅನ್ನಿ ತಾಯಿ. ಅಷ್ಟು ಸಾಕು” ಎಂದರು.

ಆಕೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ, “ಹೌದು, ಲಕ್ಷಣವಾಗಿದ್ದಾಳೆ” ಎಂದು ನಕ್ಕರು. ಒಳಗೆ ಮೊಮ್ಮಗಳು ಕಾಫಿಗೆ ನೀರಿಡುತ್ತಿದ್ದಳು. ಕೇಳಿಸಿತೋ ಇಲ್ಲವೋ, ಹೊರಗೆ ಬಂದು ಮೂರು ಲೋಟಗಳನ್ನಿಟ್ಟು, ತಾತನವರ ಲೋಟಕ್ಕೆ ವೈದ್ಯರು ಬೇಡವೆಂದಿದ್ದ ಸಕ್ಕರೆಯನ್ನು ಅರ್ಧ ಚಮಚ ಹಾಕಿ ಹೋದಳು.